ಬಾರ್ಲಿ ಸೂಪು, ಇಬ್ಬರಿಗೆ

ಹ್ಯೂವನ್ ಕಣಿವೆಯಲ್ಲಿ ಯಾರನ್ನು ಮಣ್ಣು ಮಾಡಿ ಬಂದರೂ ಆಮೇಲೆ ಊರ ಹಾಲ್‌ನಲ್ಲಿ ಚಹಾ ಇರಬೇಕು, ಚಹಾದ ಜೊತೆಗೆ ಮನೆಗೊಂದು ತಟ್ಟೆ ತಿಂಡಿ ಬರಬೇಕು. ತಟ್ಟೆಯ ತಳಕ್ಕೆ ಟೇಪು ಅಂಟಿಸಿ ಹೆಸರು ಬರೆದಿರುತ್ತಾರೆ. ಇಲ್ಲದಿದ್ದರೆ ಅದು ಯಾರದೋ ಕಪಾಟು ಸೇರಿ ಅಲ್ಲೇ ಸಂಸಾರ ಹೂಡಿಬಿಡುತ್ತದೆ. ಬೆರಿಲ್ ಅಜ್ಜಿಯನ್ನು ಮಣ್ಣು ಮಾಡಿದ ದಿನ ಬರಿಗೈಯಲ್ಲಿ ಬಂದವಳು ಗ್ಲೆನಿಸ್ ಒಬ್ಬಳೇ.

ಅಡುಗೆಗೆ ಹೆಸರಾದವಳೇ ಹೀಗೆ ಬಂದಿದ್ದಳು. ವರ್ಷಗಟ್ಟಲೆ ‘ಇಬ್ಬರ ಊಟ’ ಎಂಬ ಬ್ಲಾಗು ಬರೆದವಳು. ಅಳತೆಯೆಲ್ಲ ಇಬ್ಬರಿಗೆ, ಬರಹದ ತುಂಬ ಗಂಡ ರಾಸ್. ‘ರಾಸ್‌ಗೆ ಇದು ಇಷ್ಟ’, ‘ರಾಸ್ ಇನ್ನೊಮ್ಮೆ ಬಡಿಸಿಕೊಂಡ’. ನಿಜ ಹೇಳಬೇಕೆಂದರೆ ಅದರಲ್ಲಿ ಮುಕ್ಕಾಲು ಪಾಲು ಸುಳ್ಳು. ಅವಳ ಬಾರ್ಲಿ ಸೂಪನ್ನು ರಾಸ್ “ಆಸ್ಪತ್ರೆ ಗಂಜಿ” ಎಂದು ದೂರ ತಳ್ಳಿದ್ದ. ಅವಳು ‘ರಾಸ್ ಬಟ್ಟಲು ನೆಕ್ಕಿದ’ ಎಂದು ಬರೆದಳು. ವಿಚ್ಛೇದನವಾಗಿ ಅವನು ಹೋಬಾರ್ಟ್ ಸೇರಿದ ಮೇಲೆ ಅವಳು ಒಲೆಯ ಕಡೆ ತಿರುಗಿ ನೋಡಿರಲಿಲ್ಲ. ಬ್ರೆಡ್ಡು, ಚೀಸಿನಲ್ಲೇ ದಿನ ದೂಡುತ್ತಿದ್ದಳು. ಇವತ್ತು ಸಂಜೆ ಬ್ಲಾಗನ್ನೇ ಅಳಿಸಿಬಿಡುವುದೆಂದು ಗಟ್ಟಿ ಮಾಡಿಕೊಂಡೇ ಮನೆಯಿಂದ ಹೊರಟಿದ್ದಳು.

ತಿಂಡಿಯ ಮೇಜಿನ ಮುಂದೆ ಬಂದವಳು ನಿಂತೇಬಿಟ್ಟಳು. ಅಂಚಿಗೆ ಹಿಟ್ಟಿನ ಜಡೆ ಹೆಣೆದಿದ್ದ ಆ ಸೇಬಿನ ಟಾರ್ಟು ಅವಳದೇ. ಪಕ್ಕದ ಶುಂಠಿ ಕೇಕು ಅವಳದು. ಆಚೆಗಿದ್ದ ವಾಲ್ನಟ್ ಬಿಸ್ಕತ್ತೂ ಅವಳದೇ. ಒಂದನ್ನೂ ಅವಳು ಮಾಡಿರಲಿಲ್ಲ.

ಪಕ್ಕದ ಮನೆಯ ವೆಂಡಿ ಚಹಾ ತಂದುಕೊಟ್ಟಳು. “ಏನೇ, ದೆವ್ವ ಕಂಡ ಹಾಗೆ ನಿಂತಿದೀಯ? ನಿನ್ನ ಟಾರ್ಟೇ ಅದು. ಸಕ್ಕರೆ ಮಾತ್ರ ಅರ್ಧ ಹಾಕಿದೀನಿ. ನೀನು ಬರೆದಷ್ಟು ಹಾಕಿದ್ರೆ ಹಲ್ಲು ಉಳಿಯಲ್ಲ.”

“ಯಾವಾಗಿಂದ ಹೀಗೆ?”

“ಮೊದಲಿಂದ್ಲೂ. ಊರೆಲ್ಲ ಅರ್ಧಾನೇ ಹಾಕೋದು. ನಿನಗೆ ಹೇಳೋ ಧೈರ್ಯ ಯಾರಿಗಿತ್ತು ಹೇಳು?”

ಗ್ಲೆನಿಸ್‌ಗೆ ಕೋಪ ಬರಲಿಲ್ಲ, ಮೈ ಜುಮ್ಮೆಂದಿತು. ತನ್ನ ಅಡುಗೆಮನೆಯ ಮೂಲೆಯಲ್ಲಿ ಕೂತು ಒಬ್ಬನನ್ನು ಮೆಚ್ಚಿಸಲು ಬರೆದದ್ದು ತನಗೇ ತಿಳಿಯದೆ ಕಣಿವೆಯ ಮನೆಮನೆಯ ಒಲೆ ಏರಿತ್ತು.

ಅಷ್ಟರಲ್ಲಿ ಬೆರಿಲ್‌ಳ ಗಂಡ ಕ್ಲೆಮ್ ಕೋಲೂರಿಕೊಂಡು ಬಂದ. ಎಂಬತ್ತು ದಾಟಿದ ಮುದುಕ, ಕೋಟಿನ ಗುಂಡಿಗಳು ಮೇಲೆ ಕೆಳಗಾಗಿದ್ದವು.

“ಹುಡುಗಿ, ನಿನ್ನನ್ನೇ ಹುಡುಕ್ತಿದ್ದೆ. ಆ ಬಾರ್ಲಿ ಸೂಪು ಇದೆಯಲ್ಲ, ಕೊನೇ ವಾರಗಳಲ್ಲಿ ಅವಳ ಗಂಟಲಲ್ಲಿ ಇಳೀತಿದ್ದದ್ದು ಅದೊಂದೇ. ಜನ್ಮದಲ್ಲಿ ಸೌಟು ಹಿಡಿದವನಲ್ಲ ನಾನು. ನೀನು ಬರೆದ ಹಾಗೇ ಮಾಡ್ದೆ. ಅವಳು ಕುಡಿದ್ಲು.”

ರಾಸ್ ತಳ್ಳಿದ ಆ ಬಟ್ಟಲನ್ನು ಗ್ಲೆನಿಸ್ ಅಂದು ಹಿತ್ತಲಿಗೆ ಸುರಿದಿದ್ದಳು.

“ಒಂದು ಕೇಳ್ಲಾ?” ಎಂದ ಕ್ಲೆಮ್. “ಅದರಲ್ಲಿ ಇಬ್ಬರಿಗೆ ಅಂತಿದೆ. ಒಬ್ಬನಿಗೆ ಹೇಗೆ ಮಾಡೋದು? ಎಲ್ಲಾ ಅರ್ಧ ಮಾಡಿ ನೋಡ್ದೆ, ಬಾರ್ಲಿ ಬೇಯೋ ಮೊದಲೇ ನೀರು ಇಂಗಿಹೋಯ್ತು.”

“ನನಗೂ ಗೊತ್ತಿಲ್ಲ ಕ್ಲೆಮ್,” ಎಂದಳು ಅವಳು. “ಒಬ್ಬಳಿಗೆ ನಾನು ಯಾವತ್ತೂ ಮಾಡಿಕೊಂಡಿಲ್ಲ. ಇವತ್ತು ಮಾಡಿ ನೋಡಿ ಹೇಳ್ತೀನಿ.”

ಮನೆಗೆ ಬಂದು ಕೋಟು ಕೂಡ ತೆಗೆಯದೆ ಒಲೆ ಹಚ್ಚಿದಳು. ಒಂದು ಹಿಡಿ ಬಾರ್ಲಿ, ಫ್ರೀಜರಿನ ತಳದಲ್ಲಿ ಉಳಿದಿದ್ದ ಒಂದು ಕುರಿಮೂಳೆ, ಒಂದು ಕ್ಯಾರೆಟ್ಟು. ಬೆಂಕಿ ಸಣ್ಣಗಿಟ್ಟು, ನೀರನ್ನು ಮಾತ್ರ ಅರ್ಧ ಮಾಡದೆ ಮೊದಲಿನಷ್ಟೇ ಸುರಿದಳು. ಬೆಂದ ಮೇಲೆ ಒಬ್ಬಳೇ ಕೂತು ಬಿಸಿಬಿಸಿಯಾಗಿ ಪೂರ್ತಿ ಕುಡಿದಳು. ಚೆನ್ನಾಗಿತ್ತು. ಇಷ್ಟು ಚೆನ್ನಾಗಿದೆಯೆಂದು ಅವಳಿಗೇ ಗೊತ್ತಿರಲಿಲ್ಲ.

ಆಮೇಲೆ ಬ್ಲಾಗು ತೆರೆದು ಬಾರ್ಲಿ ಸೂಪಿನ ಪುಟಕ್ಕೆ ಹೋದಳು. ‘ರಾಸ್ ಬಟ್ಟಲು ನೆಕ್ಕಿದ’ ಎಂಬ ಸಾಲನ್ನು ಅಳಿಸಿ ಅದರ ಜಾಗದಲ್ಲಿ ಬರೆದಳು: ‘ರಾಸ್‌ಗೆ ಇದು ಸೇರಲಿಲ್ಲ. ಬೆರಿಲ್ ಕೊನೆಯ ತನಕ ಕುಡಿದಳು. ಒಬ್ಬರಿಗೇ ಮಾಡುವುದಾದರೂ ನೀರು ಇಬ್ಬರಿಗಾಗುವಷ್ಟೇ ಇರಲಿ.’