ಅಣ್ಣನ ಕೊಬ್ಬು, ಮಾಸ್ತರ ಲೆಕ್ಕ

ಗೆಳೆಯರೇ, ಮೈಯ ಕೊಬ್ಬು ಅಳೆಯುವ ಮಷೀನನ್ನು ನಂಬಬಹುದೇ? ಸರ್ಕಾರಿ ನೌಕರನಾದ ನನ್ನ ಅಣ್ಣ ಇವತ್ತು ಗೋವೆಯಿಂದ ಅಂಥದ್ದೊಂದನ್ನು ಕೋಡಿಬಾಗದ ಮನೆಗೆ ತಂದ. ಎತ್ತರ, ವಯಸ್ಸು ಒತ್ತಿ ಬರಿಗಾಲಲ್ಲಿ ಹತ್ತಿ ನಿಂತರೆ ಶೇಕಡಾ ಎಷ್ಟು ಕೊಬ್ಬೆಂದು ತೋರಿಸುತ್ತದೆ. ನನಗೆ ಇಪ್ಪತ್ತೆಂಟು ಬಂತು. ಹೊಟ್ಟೆಯ ಹತ್ತಿರ ಅಂಗಿಯ ಗುಂಡಿಯನ್ನೇ ಹಾಕಲಾಗದ ಅಣ್ಣನಿಗೆ ಇಪ್ಪತ್ತೇಳು!

ನನಗೆ ಆಗಲೇ ಸಂಶಯ. ಅವನ ಕಾಲು ಒರೆಸಿ ನಿಲ್ಲಿಸಿದೆ, ಮಷೀನನ್ನು ಜಗಲಿಗೆ ಒಯ್ದು ನೋಡಿದೆ. ಮತ್ತೆ ಇಪ್ಪತ್ತೇಳೇ.

"ಹೊಟ್ಟೆಕಿಚ್ಚು ಬೇಡ ತಮಾ" ಎಂದು ಅಣ್ಣ ನಕ್ಕ.

ಒಳಗೆ ಮೀನು ಕೊಯ್ಯುತ್ತಿದ್ದ ಆಯಿ ಅಲ್ಲಿಂದಲೇ ಅವನನ್ನು ಕೇಳಿದಳು: "ಯಾವ ವಯಸ್ಸು ಒತ್ತಿದ್ಯೋ? ಮಾಸ್ತರು ಬರೆದದ್ದೋ, ನಾನು ಹೆತ್ತದ್ದೋ?"

ಅಣ್ಣನ ನಗು ನಿಂತಿತು. ಶಾಲೆಗೆ ಸೇರಿಸುವಾಗ ಮಾಸ್ತರು ಅವನ ವಯಸ್ಸನ್ನು ನಾಲ್ಕು ವರ್ಷ ಇಳಿಸಿ ಬರೆದಿದ್ದರು. ಆ ಲೆಕ್ಕದಲ್ಲಿ ಅವನು ನನಗಿಂತ ಎರಡೇ ತಿಂಗಳು ದೊಡ್ಡವನು! ಖರೇ ವಯಸ್ಸು ಒತ್ತಿಸಿ ಮತ್ತೆ ಹತ್ತಿಸಿದೆ. ಇಪ್ಪತ್ತೆಂಟೂವರೆ.

ಅಣ್ಣ ಕೆಳಗಿಳಿದು ಪಿಸುಗುಟ್ಟಿದ: "ಇದು ಎಲ್ಲಾ ನೆನಪಲ್ಲಿ ಇಟ್ಕೊಳ್ತದೇನೋ? ಆಫೀಸಲ್ಲಿ ಗೊತ್ತಾದ್ರೆ ನಾಲ್ಕು ವರ್ಷದ ನೌಕರಿ ಹೋಯ್ತು ಮಾರಾಯಾ!"

ಆಮೇಲೆ ಮಷೀನಿನ ಸೆಲ್ ಬಿಚ್ಚಿ ಕಿಸೆಗೆ ಹಾಕಿಕೊಂಡ. ಅದರ ಮೇಲೆ ಈಗ ನನಗಿಂತ ಅವನಿಗೇ ಹೆಚ್ಚು ಸಂಶಯ.