ಓಣಿ ಹಿಟ್ಟಿನ ಬಾಣಂತನ

ಆಗೆಲ್ಲ ಮನೋಳಿಯ ನಮ್ಮ ಓಣಿಯಲ್ಲಿ ನಾಯಿ ಮರಿ ಹಾಕಿದರೂ ಬಾಣಂತನ ನಡೆಯುತ್ತಿತ್ತು. ನಾವು ಹುಡುಗಿಯರು ಬುಟ್ಟಿ ಹಿಡಿದು ಮನೆಮನೆಗೆ ಹೋಗುತ್ತಿದ್ದೆವು. ಒಬ್ಬರು ಹಿಡಿ ಗೋದಿಹಿಟ್ಟು, ಇನ್ನೊಬ್ಬರು ಬೆಲ್ಲದ ಚೂರು, ಮತ್ತೊಬ್ಬರು ಒಂದಿಷ್ಟು ಎಣ್ಣೆ ಕೊಡುತ್ತಿದ್ದರು. "ಒಂದ ಮನಿ ಹಿಟ್ಟಿನ್ಯಾಗ ನಾಯಿ ಬಾಣಂತನ ಮಾಡಬಾರ್ದವಾ, ಓಣಿ ಹಿಟ್ಟು ಕೂಡಬೇಕು," ಎನ್ನುತ್ತಿದ್ದಳು ಆಯಿ, ನನ್ನಪ್ಪನ ತಾಯಿ.

ಆ ಚಳಿಗಾಲ ನಮ್ಮ ಮನೆಯಲ್ಲಿ ಇಬ್ಬರು ಬಾಣಂತಿಯರು. ಒಳಕೋಣೆಯಲ್ಲಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಅಕ್ಕ, ಹಿತ್ತಲ ಜೋಳದ ಕಣಿಕೆ ಬಣವೆಯ ಬುಡದಲ್ಲಿ ನಮ್ಮ ನಾಯಿ ಕೆಂಪಿ. ಅಜವಾನದ ಹೊಗೆ, ಮಲಪ್ರಭೆಯ ಕಡೆಯಿಂದ ಬರುವ ಮಂಜು, ಎಳೆಗೂಸಿನ ಹಾಲಿನ ವಾಸನೆ ಕಲೆತು ಇಡೀ ಮನೆ ಅರೆನಿದ್ದೆಯಲ್ಲಿ ತೇಲುತ್ತಿತ್ತು. ಕೂಸು ಅತ್ತರೆ ಮರಿಗಳೂ ಕುಂಯ್ಗುಡುತ್ತಿದ್ದವು. ಯಾರು ಯಾರನ್ನು ಎಬ್ಬಿಸಿದರೋ ತಿಳಿಯುತ್ತಿರಲಿಲ್ಲ.

ಆಯಿ ಭೇದ ಮಾಡುವವಳಲ್ಲ. ಅಕ್ಕನಿಗೆ ಹಾಲಿಳಿಯಲೆಂದು ಕೊಡುತ್ತಿದ್ದುದನ್ನೇ ಕೆಂಪಿಗೂ ಕೊಟ್ಟಳು. ಓಣಿ ಹಿಟ್ಟಿನ ಶಿರಾ, ತುಪ್ಪದಲ್ಲಿ ಹುರಿದ ಹಿಡಿ ಬೆಳ್ಳುಳ್ಳಿ, ಒಣದ್ರಾಕ್ಷಿ ತುಂಬಿದ ಅಂಟಿನುಂಡಿ. ಅಕ್ಕನೂ ತನ್ನ ಪಾಲಿನ ಉಂಡಿ ಮುರಿದು ಕಿಟಕಿಯಿಂದ ಹಾಕುತ್ತಿದ್ದಳು. ಕೆಂಪಿ ಬಾಲ ಅಲ್ಲಾಡಿಸಿ ಎಲ್ಲ ತಿಂದಿತು.

ಕೆಲವೇ ದಿನಗಳಲ್ಲಿ ಅದು ವಾಂತಿ ಮಾಡಿಕೊಂಡು ಮಲಗಿಬಿಟ್ಟಿತು. ವಸಡು ಬಿಳುಚಿತ್ತು. ಮರಿಗಳು ಬತ್ತಿದ ಮೊಲೆ ಚೀಪಿ ಚೀಪಿ ಅಳುತ್ತಿದ್ದವು. ಅಕ್ಕ ಊಟದ ಗಂಗಾಳ ಸರಿಸಿದಳು.

"ಆಕಿ ಉಣ್ಣೂತನಕ ನನಗೂ ಬ್ಯಾಡ."

ಬಾಣಂತಿ ಉಪವಾಸ ಕುಳಿತರೆ ಕೂಸಿನ ಗತಿಯೇನು? ಅಪ್ಪ ಸವದತ್ತಿಗೆ ಓಡಿ ದನದ ಡಾಕ್ಟರನ್ನು ಕರೆತಂದ. ಅವರು ಸೂಜಿ ಮಾಡಿ, ಏನು ತಿನ್ನಿಸಿದಿರಿ ಎಂದು ಕೇಳಿದಾಗ ಆಯಿ ಹೆಮ್ಮೆಯಿಂದಲೇ ಹೇಳಿದಳು.

"ಅಯ್ಯ ಯವ್ವಾ," ಎಂದರು ಡಾಕ್ಟರು, "ಬಳ್ಳೊಳ್ಳಿ, ಉಳ್ಳಾಗಡ್ಡಿ ನಾಯಿ ರಕ್ತಾ ಕೆಡಸ್ತಾವ್ರಿ. ಒಣದ್ರಾಕ್ಷಿನೂ ಬ್ಯಾಡ್ರಿ. ಅಕ್ಕಿ ನುಚ್ಚು ಮೆತ್ತಗ ಕುದಿಸಿ, ಆರಿಸಿ ಹಾಕ್ರಿ. ಉಪ್ಪು, ಖಾರ ಏನೂ ಬ್ಯಾಡ."

"ಹಂಗಾರ ಬಾಣಂತಿಗೆ ಹಾಲು ಹ್ಯಾಂಗ ಬರ್ತಾವ್ರಿ ಸಾಹೇಬ್ರ?" ಆಯಿಯ ಕಣ್ಣು ತುಂಬಿತ್ತು.

"ಬಾಣಂತಿ ಖರೇರಿ. ಆದ್ರ ಆಕಿ ನಾಯಿ ಬಾಣಂತಿ."

ಆಯಿ ನುಚ್ಚು ಕುದಿಸಿ, ಕೂಸಿನ ಹಾಲಿನಂತೆ ಮುಂಗೈಗೆ ಹಚ್ಚಿಕೊಂಡು ಬಿಸಿ ನೋಡಿದಳು. ನಾವು ಹುಡುಗಿಯರು ಆಡಿನ ಹಾಲನ್ನು ಅರಳೆಯಲ್ಲಿ ಅದ್ದಿ ಮರಿಗಳ ಬಾಯಿಗೆ ಹಿಂಡುತ್ತ ಬಣವೆಗೆ ಒರಗಿ ಕುಳಿತೆವು. ಒಂದು ಮುಂಜಾನೆ, ಎಳೆಬಿಸಿಲು ಕಣಿಕೆಯ ಮೇಲೆ ಬೀಳುತ್ತಿದ್ದಾಗ, ಕೆಂಪಿ ಎದ್ದು ನುಚ್ಚು ಹಾಕಿದ್ದ ಪರಿಯಾಣವನ್ನು ನೆಕ್ಕಿತು. ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು.

"ಆಯೀ, ಹಸಿವ್ಯಾಗೇತಿ. ನನಗೂ ನೀಡು."

ಅಷ್ಟು ಸುಖವಾದ ಮಾತನ್ನು ನಾನು ಆಮೇಲೆ ಹೆಚ್ಚು ಕೇಳಿಲ್ಲ.

ಹೋದ ತಿಂಗಳು, ನಾನೀಗ ಇರುವ ಬೈಲಹೊಂಗಲದ ಕಾಲೊನಿಯಲ್ಲಿ, ನಮ್ಮ ಮೆಟ್ಟಿಲ ಕೆಳಗೆ ಒಂದು ನಾಯಿ ಮರಿ ಹಾಕಿತು. ನುಚ್ಚು ಕುದಿಸಿ, ಆರಿಸಿ, ಮುಂಗೈಗೆ ಹಚ್ಚಿ ನೋಡಿ ಅದರ ಮುಂದಿಟ್ಟೆ. ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

"ಬಳ್ಳೊಳ್ಳಿ ಹಾಕಿಲ್ಲ ಹೌದಲ್ಲ?" ಎಂದಳು.

"ಇಲ್ಲಬೇ."

"ಯಾರ್‍ಯಾರ ಮನಿ ನುಚ್ಚು?"

ಸಾಲಾಗಿ ಮುಚ್ಚಿದ ಬಾಗಿಲುಗಳನ್ನು ನೋಡಿದೆ.

"ನಮ್ಮನಿದಷ್ಟ," ಎಂದೆ.