ಹಳೇ ಮೋಟಾರು ರಸ್ತೆಯ ಮೋರಿಯಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಸ್ತೆಯಡಿಯ ಮೋರಿಯಿಂದ ಮೊದಲು ಹೊರಗೆ ಬರುವುದು ಒಂದು ಸಲಿಕೆ, ಆಮೇಲೆ ಬಾಂಡ್ಲಿ ತುಂಬ ಕೆಸರು, ಕೊನೆಗೆ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಹೆಂಗಸು. "ಇವತ್ತಿಂದು ಒಂದಾಯ್ತು, ಇನ್ನು ಮೂರು," ಎನ್ನುತ್ತ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಅರವತ್ತೆರಡರ ಇವರು ಊರಿಗೆಲ್ಲ ಮೋರಿಯಕ್ಕ.

ಅವರು ನಿಂತಿರುವುದು ಈ ಸೀಮೆಗೆ ಮೊದಮೊದಲು ಕಾರು ಬಂದಾಗ ಹಾಕಿದ ಕಾಂಕ್ರೀಟು ರಸ್ತೆ. ವಯಸ್ಸು ನೂರು, ಅಗಲ ಒಂದೇ ಕಾರಿನಷ್ಟು. ಎದುರು ಇನ್ನೊಂದು ಬಂದರೆ ಸರಿದು ನಿಲ್ಲಲು ಅಲ್ಲಲ್ಲಿ ಜಾಗ. ಏರು ಹತ್ತಿ ಕುದಿಯುವ ಎಂಜಿನ್ನಿಗೆ ನೀರು ಹುಯ್ಯಲು ಕಲ್ಲಿನ ತೊಟ್ಟಿ. ಗುಡ್ಡದಾಚೆ ಹೆದ್ದಾರಿ ಬಂದಮೇಲೆ ಇದನ್ನು ಕೇಳುವವರಿಲ್ಲ. ಉಳಿದಿರುವುದು ಆರು ಕಿಲೋಮೀಟರ್, ಇಪ್ಪತ್ತಮೂರು ಮೋರಿ. ಕೊನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದಕ್ಕೆ ಮತ್ತೆ ತರಗೆಲೆ ತುಂಬಿರುತ್ತದೆ.

ಇದನ್ನು ಹಾಕಿದ ಕೂಲಿಗಳಲ್ಲಿ ಅವರ ಅಜ್ಜನೂ ಒಬ್ಬರು. ಮೋರಿಯಕ್ಕ ಮೂವತ್ತು ವರ್ಷ ಹೆದ್ದಾರಿಯಲ್ಲಿ ಡಾಂಬರು ಹಾಕಿದವರು. ಎಡಗಾಲ ಮೇಲೆ ಸುಟ್ಟ ಕಲೆ ಇನ್ನೂ ಇದೆ. ನಿವೃತ್ತಿಯಾದ ಮರುವಾರವೇ ಸಲಿಕೆ ಹಿಡಿದು ಇಲ್ಲಿಗೆ ಬಂದರು. ಯಾರೂ ಹೇಳಿದ್ದಲ್ಲ. "ನೀರು ನಿಂತ್ರೆ ರಸ್ತೆ ಸತ್ತಂಗೆ. ನೀರಿಗೆ ದಾರಿ ಬಿಟ್ರೆ ಅದೂ ನಮಗೆ ದಾರಿ ಬಿಡುತ್ತೆ," ಎನ್ನುತ್ತಾರೆ. "ಹೆಣಕ್ಕೆ ಶೃಂಗಾರ ಮಾಡ್ತಿದೀರಲ್ಲ ಅತ್ತಿಗೆ!" ಎಂದು ನಗುತ್ತಿದ್ದ ನಾದಿನಿ ಈಗ ವಾರಕ್ಕೆರಡು ದಿನ ಬಾಂಡ್ಲಿ ಹೊರುತ್ತಾರೆ. ಅದಕ್ಕೆ ಕಾರಣವಿದೆ.

ಹೋದ ವರ್ಷ ಈ ಕಾಂಕ್ರೀಟನ್ನು ಒಡೆದು ಜಲ್ಲಿ ಮಾಡುವುದೆಂದು ತೀರ್ಮಾನವಾಗಿತ್ತು. ಎಂಜಿನಿಯರು ಟೇಪು ಹಿಡಿದು ಬಂದಾಗ ಮೋರಿಯಕ್ಕ ಜಗಳಕ್ಕೆ ನಿಲ್ಲಲಿಲ್ಲ. "ಇದೊಂದು ಮಳೆಗಾಲ ಕಳೀಲಿ ಸಾರ್," ಎಂದಷ್ಟೇ ಕೇಳಿಕೊಂಡರು. ಕೆಸರಲ್ಲಿ ಯಂತ್ರ ತರುವುದು ಹೇಗೂ ಕಷ್ಟ, ಎಂಜಿನಿಯರು ಒಪ್ಪಿದರು.

ಅದೇ ಮಳೆಯಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿಹೋಯಿತು. ಬೆಳಿಗ್ಗೆ ಹತ್ತರ ಹೊತ್ತಿಗೆ, ಹೆರಿಗೆ ನೋವು ತಿನ್ನುತ್ತಿದ್ದ ಹೆಂಗಸನ್ನು ಮಲಗಿಸಿಕೊಂಡ ಆಂಬುಲೆನ್ಸು ಹಳೇ ರಸ್ತೆಯ ಬಾಯಲ್ಲಿ ನಿಂತಿತು. ಡ್ರೈವರಿಗೆ ಧೈರ್ಯ ಸಾಲದು, ಅಲ್ಲೇ ಸಲಿಕೆ ಹಿಡಿದು ನಿಂತಿದ್ದ ಮೋರಿಯಕ್ಕನನ್ನು ಕೇಳಿದ. "ಮುಂದೆ ಕುಸಿದಿದ್ರೆ ಏನಮ್ಮ ಮಾಡ್ಲಿ? ತಿರುಗಿಸೋಕೂ ಜಾಗ ಇಲ್ಲ."

"ಕುಸಿದಿಲ್ಲ. ಇವತ್ತು ಬೆಳಗಾಗ್ತಲೇ ಕೊನೇ ಮೋರಿ ತನಕ ನೋಡಿ ಬಂದಿದೀನಿ. ನಡಿಯಪ್ಪ, ನಾನೂ ಹತ್ತುತೀನಿ."

ಎಲ್ಲಿ ನಿಧಾನ, ಎಲ್ಲಿ ಎಡಕ್ಕೆ ಎಂದು ಹೇಳುತ್ತ ಮುಂದಿನ ಸೀಟಿನಲ್ಲಿ ಕೂತೇ ಹೋದರು. ಮೋರಿಗಳು ಭೋರ್ಗರೆಯುತ್ತಿದ್ದವು, ರಸ್ತೆಯ ಮೇಲೆ ಎಲ್ಲೂ ನೀರು ನಿಂತಿರಲಿಲ್ಲ. ಆಸ್ಪತ್ರೆ ಮುಟ್ಟಿದ ಅರ್ಧ ಗಂಟೆಗೆ ಹೆಣ್ಣು ಮಗು ಹುಟ್ಟಿತು. ಮುಂದೆ ಒಂಬತ್ತು ದಿನ ಊರಿನ ಹಾಲು, ಔಷಧಿ, ಶಾಲೆಯ ಮಕ್ಕಳು ಎಲ್ಲಕ್ಕೂ ಇದೇ ದಾರಿ.

ಮಳೆ ನಿಂತಮೇಲೆ ಎಂಜಿನಿಯರು ಮತ್ತೆ ಬಂದರು, ಟೇಪು ಇಲ್ಲದೆ. ಆರು ಕಿಲೋಮೀಟರೂ ನಡೆದರು. ರಸ್ತೆ ಒಡೆಯುವ ಆದೇಶ ರದ್ದಾಗಿದೆ; ಈ ತಿಂಗಳಿಂದ ಇಬ್ಬರು ಕೆಲಸಗಾರರೂ ಬರುತ್ತಿದ್ದಾರೆ. ಮೋರಿ ಬಿಡಿಸುವುದನ್ನು ಅವರಿಗೆ ಕಲಿಸುತ್ತಿರುವುದು ಮೋರಿಯಕ್ಕನೇ.

ನಿಮಗೇನು ಬೇಕು ಎಂದು ಕೇಳಿದರೆ ನಾಚಿಕೊಳ್ಳುತ್ತಾರೆ. "ಈ ರಸ್ತೇಲಿ ನಾನು ಗಾಡಿ ಹತ್ತಿದ್ದು ಅದೇ ಮೊದಲು. ಆ ಗಾಬರೀಲಿ ಏನು ನೋಡೋದು? ಇನ್ನೊಂದು ಸಲ ಕಾರಲ್ಲಿ ನಿಧಾನಕ್ಕೆ ಹೋಗಬೇಕು. ಕಿಟಕಿ ಪಕ್ಕ ಕೂತ್ಕೊಂಡು."